ಕಾರ್ತಿಕದ ಅಂಗಳಕ್ಕೆ ಬಣ್ಣ

ಸೀಗೆಹುಣ್ಣಿಮೆಯು ಕಳೆದು ಆಕಾಶವು ತಿಳಿಯಾಗುವ ಹೊತ್ತಿಗೆ ಕೋಡಿಬಾಗದ ಮನೆಯಂಗಳಗಳಲ್ಲಿ ಒಂದು ಬಗೆಯ ಬರಿದುತನವು ತಲೆದೋರುವುದುಂಟು. ಚೌತಿಯ ಕಾಲಕ್ಕೆ ಬೇಲಿಯುದ್ದಕ್ಕೂ ನಗುತ್ತಿದ್ದ ಕರ್ಣಕುಂಡಲದ ಗಿಡಗಳು ಬೀಜ ಸಿಡಿಸಿ ಬಾಗಿರುತ್ತವೆ. ಮಳೆಯಲ್ಲಿ ಕೊಬ್ಬಿದ ಹುಲ್ಲು ಹಳದಿಯಾಗತೊಡಗಿರುತ್ತದೆ. ಆದರೆ ಮನೆಗೆ ಹೂವು ಹೆಚ್ಚಾಗಿ ಬೇಕಾಗುವುದು ಈಗಲೇ. ದೀಪಾವಳಿಯು ಹೊಸ್ತಿಲಲ್ಲಿರುತ್ತದೆ, ಅದರ ಹಿಂದೆಯೇ ಉತ್ಥಾನದ್ವಾದಶಿಯಂದು ತುಲಸೀವೃಂದಾವನದಲ್ಲಿ ನೆಲ್ಲಿಯ ಟೊಂಗೆಯನ್ನು ನೆಟ್ಟು ವಿವಾಹವನ್ನು ನೆರವೇರಿಸಬೇಕು. ಆಗ ಮನೆಯೊಡತಿಯು ಬುಟ್ಟಿ ಹಿಡಿದು ಹಿತ್ತಿಲನ್ನೆಲ್ಲ ಸುತ್ತಿ, ಬರಿಗೈಯಲ್ಲಿ ಮರಳಿ, ಪೇಟೆಯ ಮಾಲೆಗೆ ದುಡ್ಡು ತೆರಬೇಕಾಗುತ್ತದೆ.

ಇದು ಋತುವಿನ ದೋಷವಲ್ಲವೆಂದೇ ನಮ್ಮ ಅಭಿಪ್ರಾಯ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲವು ತೋಟದ ಬಾಗಿಲನ್ನು ಮುಚ್ಚಿಬಿಡುತ್ತದೆ. ನಮ್ಮ ಕಾಳೀ ನದಿಯ ಮುಖದಲ್ಲಿ ಹಾಗಲ್ಲ. ಇಲ್ಲಿ ತೋಟವನ್ನು ಕೆಡಿಸುವುದು ಚಳಿಯಲ್ಲ, ಮಳೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರು ಮಳೆಯಾಗುತ್ತದೆ. ಅದರಲ್ಲಿ ಬಹುಭಾಗವು ಜೂನಿನಿಂದ ಸಪ್ಟೆಂಬರದವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುತ್ತದೆ. ಅದು ನಿಂತ ಮೇಲೆ ಬರುವ ತಿಳಿಬಿಸಿಲು, ಬೆಳಗಿನ ಇಬ್ಬನಿ, ಮೆಲ್ಲನೆಯ ತಂಪು—ಇವು ಹೂವಿನ ಗಿಡಕ್ಕೆ ಎರಡನೆಯ ವಸಂತವೆಂದರೂ ಸಲ್ಲುವುದು. ಆದರೆ ಈ ವಸಂತಕ್ಕಾಗಿ ಸಿದ್ಧತೆಯನ್ನು ಕೊಡೆ ಹಿಡಿದು ತಿರುಗುವ ದಿನಗಳಲ್ಲಿಯೇ ಮಾಡಬೇಕಾಗುತ್ತದೆ. ಆಗ ಮಾಡದವರಿಗೆ ಕಾರ್ತಿಕದಲ್ಲಿ ಕೈಗೆ ಹೂವಿಲ್ಲ.

ಈ ಕಾಲದ ಹೂವುಗಳಲ್ಲಿ ಅಗ್ರಪೂಜೆಯು ಶೇವಂತಿಗೆಗೆ ಸಲ್ಲತಕ್ಕದ್ದು. ಅದು ವರ್ಷವೆಲ್ಲ ಸುಮ್ಮನೆ ಹಸುರಾಗಿದ್ದು ಇದೇ ಕಾಲಕ್ಕೆ ಮೊಗ್ಗೇರುವುದೇಕೆ? ಚಳಿ ಬಂದುದರಿಂದ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಮುಖ್ಯ ಕಾರಣವು ಬೇರೆ. ಅಮೇರಿಕೆಯ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ತಂಬಾಕು ಮೊದಲಾದ ಗಿಡಗಳ ಮೇಲೆ ಪ್ರಯೋಗ ನಡೆಸಿ, ಕೆಲವು ಗಿಡಗಳು ಹಗಲಿನ ಉದ್ದವನ್ನರಿತು ಹೂಬಿಡುತ್ತವೆಂಬುದನ್ನು 1920ರಲ್ಲಿ ಪ್ರಕಟಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಗಿಡವು ಎಣಿಸುವುದು ಹಗಲನ್ನಲ್ಲ, ಎಡೆಬಿಡದ ಕತ್ತಲೆಯನ್ನು ಎಂದು ತೋರಿಸಿದರು. ನಡುರಾತ್ರಿಯಲ್ಲಿ ಸ್ವಲ್ಪ ಹೊತ್ತು ದೀಪ ಹಚ್ಚಿದರೂ ಸಾಕು, ಗಿಡದ ಲೆಕ್ಕವು ತಪ್ಪಿಹೋಗುತ್ತದೆ. ಶೇವಂತಿಗೆಯೂ ಇದೇ ಜಾತಿಗೆ ಸೇರಿದುದು. ನಮ್ಮ ಊರಿನಲ್ಲಿ ಜೂನ್ ಕೊನೆಯ ರಾತ್ರಿಯು ಸುಮಾರು 11 ಗಂಟೆಗಳದು; ಡಿಸೆಂಬರ್ ಕೊನೆಯದು 12 ಮುಕ್ಕಾಲು ಗಂಟೆಗಳಷ್ಟು. ಈ ಒಂದು ಮುಕ್ಕಾಲು ಗಂಟೆಯ ಕತ್ತಲೆಯೇ ಶೇವಂತಿಗೆಗೆ ಬರುವ ಆಮಂತ್ರಣಪತ್ರಿಕೆ.

ಈ ಸಂಗತಿಯನ್ನರಿತರೆ ಎಷ್ಟೋ ಮನೆಗಳ ಒಂದು ದೂರಿಗೆ ಉತ್ತರ ದೊರೆಯುತ್ತದೆ. “ಗಿಡವೇನೋ ಸೊಂಪಾಗಿದೆ, ಹೂವು ಮಾತ್ರ ಒಂದೂ ಇಲ್ಲ” ಎಂದು ಗೃಹಿಣಿಯರು ಹೇಳುವುದನ್ನು ನಾವು ಕೇಳುತ್ತೇವೆ. ಅಂಥಲ್ಲಿ ಮೊದಲು ಗೊಬ್ಬರವನ್ನು ವಿಚಾರಿಸದೆ ದೀಪವನ್ನು ವಿಚಾರಿಸಬೇಕು. ಹಿಂದೆ ಜಗಲಿಯಲ್ಲಿ ಉರಿಯುತ್ತಿದ್ದುದು ಒಂದು ಹಣತೆ ಅಥವಾ ಕಂದೀಲು. ಅದೂ ಊಟವಾದ ಮೇಲೆ ಆರುತ್ತಿತ್ತು. ಇಂದು ಹೆದ್ದಾರಿಯ ದೀಪ, ಗೇಟಿನ ದೀಪ, ಜಗಲಿಯ ದೀಪ—ಎಲ್ಲವೂ ಬೆಳಗಿನವರೆಗೆ ಬೆಳಗುತ್ತವೆ. ಅವುಗಳ ಬುಡದಲ್ಲಿಟ್ಟ ಶೇವಂತಿಗೆಗೆ ರಾತ್ರಿಯೇ ಆಗುವುದಿಲ್ಲ. ರಾತ್ರಿಯಾಗದ ಗಿಡವು ಹೂವಾಗುವುದೆಂತು? ಒಂದೇ ಬೇರಿನಿಂದ ಕಿತ್ತ ಎರಡು ಮರಿಗಳನ್ನು ಎರಡು ಕುಂಡಗಳಲ್ಲಿ ನೆಟ್ಟು, ಭಾದ್ರಪದದಿಂದ ಒಂದನ್ನು ದೀಪದ ಕೆಳಗೂ ಇನ್ನೊಂದನ್ನು ಹಿತ್ತಿಲಿನ ಕತ್ತಲೆಯಲ್ಲೂ ಇಟ್ಟು ನೋಡುವಂತೆ ಮನೆಯ ಮಕ್ಕಳಿಗೆ ಹೇಳಿರಿ. ಪುಸ್ತಕದ ಹತ್ತು ಪುಟಗಳು ಕಲಿಸದುದನ್ನು ಆ ಎರಡು ಕುಂಡಗಳು ಕಲಿಸುವವು.

ಇನ್ನು ಮಳೆಯ ಮಾತು. ಶೇವಂತಿಗೆಯ ಬೇರು ನಿಂತ ನೀರನ್ನು ಸಹಿಸದು. ಆದಕಾರಣ ಹೂವು ಮುಗಿದ ಕೂಡಲೇ ಒಣಗಿದ ಕಾಂಡವನ್ನು ಕತ್ತರಿಸಿ, ಬುಡದಲ್ಲಿ ಎದ್ದ ಮರಿಗಳನ್ನು ಬೇರ್ಪಡಿಸಿ, ಅವುಗಳಲ್ಲಿ ಎರಡು ಮೂರನ್ನಾದರೂ ಕುಂಡಕ್ಕೆ ಏರಿಸಿ, ಜೋರುಮಳೆಯ ಕಾಲದಲ್ಲಿ ಸೂರಿನ ನೀರು ಬೀಳದ ಕಡೆಗೆ ಇಡಬೇಕು. ಕುಂಡದ ತಳಕ್ಕೆ ಹಂಚಿನ ಚೂರು, ಅದರ ಮೇಲೆ ಮರಳು ಬೆರೆಸಿದ ಮಣ್ಣು, ಹಳೆಯ ಸಗಣಿಗೊಬ್ಬರ, ಇಷ್ಟೇ ಸಾಕು. ಆಷಾಢ ಶ್ರಾವಣಗಳಲ್ಲಿ ಕುಡಿಯನ್ನು ಎರಡು ಸಲ ಚಿವುಟಿದರೆ ಗಿಡವು ಕವಲೊಡೆದು ಪೊದೆಯಾಗುತ್ತದೆ. ಅಗಸ್ಟ್ ಮುಗಿದ ಮೇಲೆ ಚಿವುಟುವುದನ್ನು ನಿಲ್ಲಿಸಬೇಕು. ಇಲ್ಲವಾದರೆ ಮೊಗ್ಗನ್ನೇ ಚಿವುಟಿದಂತಾಗುವುದು.

ಶೇವಂತಿಗೆಯೊಂದೇ ಅಂಗಳವನ್ನು ತುಂಬಲಾರದು. ಅದರ ಜೊತೆಗೆ ಚೆಂಡುಹೂವು ಇರಲಿ. ಬಿತ್ತಿದ ಎರಡು ಎರಡೂವರೆ ತಿಂಗಳಿಗೆ ಅದು ಹೂಬಿಡುವುದರಿಂದ, ದೀಪಾವಳಿಯಿಂದ ಹಿಂದಕ್ಕೆ ಎಣಿಸಿ ಶ್ರಾವಣದಲ್ಲಿ ಸೂರಿನಡಿಯ ತಟ್ಟೆಯಲ್ಲಿ ಬೀಜ ಹಾಕಿ, ಮಳೆಯು ಇಳಿಮುಖವಾದಾಗ ಸಸಿಗಳನ್ನು ಏರುಮಡಿಗೆ ಬದಲಾಯಿಸಬೇಕು. ಬೇಲಿಯ ಮೂಲೆಗೆ ಗೋರಟೆಯು ಉತ್ತಮ. ನೆಟ್ಟವರು ಮರೆತರೂ ಅದು ತನ್ನ ಕಾಲವನ್ನು ಮರೆಯದು. ಅಬ್ಬಲಿಗೆಯಂತೂ ನಮ್ಮ ಕರಾವಳಿಯ ಹೆರಳಿಗೇ ಹುಟ್ಟಿದ ಹೂವು. ಕೊಂಕಣಿ ಮನೆಗಳಲ್ಲಿ ಅದನ್ನು ಆಬೋಲಿ ಎನ್ನುವರು. ಅದಕ್ಕೆ ಪರಿಮಳವಿಲ್ಲದಿದ್ದರೂ ಬಣ್ಣಕ್ಕೆ ಎಣೆಯಿಲ್ಲ. ಅದರ ಒಣಗಿದ ಕಾಯಿಗೆ ನೀರು ತಾಕಿದೊಡನೆ ಸಿಡಿದು ಬೀಜಗಳು ದೂರಕ್ಕೆ ಚೆಲ್ಲುವವು. ಹಾಗೆ ತಾವೇ ಎದ್ದ ಸಸಿಗಳನ್ನು ಕಳೆಯೆಂದು ಕೀಳದೆ ಸಾಲಾಗಿ ನೆಟ್ಟರೆ ಸಾಕು.

ಸಮುದ್ರದ ಉಪ್ಪುಗಾಳಿ ನೇರವಾಗಿ ಬಡಿಯುವ ಮನೆಗಳವರು ಕಾಗದದ ಹೂವಿನ ಬಳ್ಳಿಯನ್ನು ನೆಚ್ಚಬಹುದು. ಅದು ಮರಳುನೆಲಕ್ಕೆ ಅಂಜುವುದಿಲ್ಲ. ಮಳೆ ನಿಂತ ಮೇಲೆ ನೀರನ್ನು ಕಡಿಮೆ ಮಾಡಿದಷ್ಟೂ ಅದಕ್ಕೆ ಬಣ್ಣವೇರುತ್ತದೆ. ದಯೆಯಿಂದ ದಿನವೂ ನೀರೆರೆದರೆ ಬರಿಯ ಎಲೆಯೇ ಬರುತ್ತದೆ. ಇನ್ನು ಹೂವೇ ಬೇಕೆಂಬ ಹಟವೇಕೆ? ಮಳೆ ಬಿಟ್ಟ ಮಡಿಯಲ್ಲಿ ಕೆಂಪು ಹರಿವೆಯನ್ನು ಬಿತ್ತಿದರೆ ಒಂದು ತಿಂಗಳೊಳಗೆ ಕಣ್ಣಿಗೂ ಬಣ್ಣ, ತಟ್ಟೆಗೂ ಪಲ್ಯ. ಮಾಗಿಯು ಬಲಿತ ಮೇಲೆ ಕಡಲ ದಂಡೆಯ ನಾಡಬಾದಾಮಿಯ ಮರಗಳು ಎಲೆ ಉದುರಿಸುವ ಮುನ್ನ ಕೆಂಪಾಗಿ ನಿಲ್ಲುವುದನ್ನು ನೋಡಿದವರಿಗೆ, ಎಲೆಯೂ ಹೂವಿನ ಕೆಲಸವನ್ನು ಮಾಡಬಲ್ಲುದೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟನ್ನು ಹೇಳುವುದರಲ್ಲಿ ನಮ್ಮ ಮನಸ್ಸಿನಲ್ಲಿರುವುದು ಕೇವಲ ಅಂಗಳದ ಅಂದವಲ್ಲ. ಹಿಂದೆ ಶೇವಂತಿಗೆಯ ಮರಿಯು ತವರಿನಿಂದ ಗಂಡನ ಮನೆಗೆ, ನೆರೆಯಿಂದ ನೆರೆಗೆ, ಅತ್ತೆಯಿಂದ ಸೊಸೆಗೆ ಕೈಬದಲಾಗುತ್ತಿತ್ತು. ಅದನ್ನು ಅಂಗಡಿಯಲ್ಲಿ ಕೊಳ್ಳುವ ಪದ್ಧತಿಯಿರಲಿಲ್ಲ. ಈಗ ದೊಡ್ಡ ಹೂವಿನ ಕುಂಡವನ್ನು ಹೂವಿನೊಡನೆಯೇ ಕೊಂಡು, ಬಾಡಿದ ಮೇಲೆ ಎಸೆಯುವ ರೂಢಿ ಬೆಳೆಯುತ್ತಿದೆ. ಒಂದು ಮಳೆಗಾಲದಲ್ಲಿ ತಾಯಿಗಿಡವು ಕೊಳೆತರೆ, ಅಜ್ಜಿಯು ನಲವತ್ತು ವರ್ಷ ಕಾಪಾಡಿದ ಸಣ್ಣ ಹಳದಿಯ ತಳಿಯು ಆ ಮನೆಯಿಂದ ಅಳಿದಂತೆಯೇ; ನೆರೆಮನೆಯಲ್ಲಿಯೂ ಅದು ಇಲ್ಲದಿದ್ದರೆ ಊರಿನಿಂದಲೇ ಅಳಿದಂತೆ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಓದಿಲ್ಲದೆಯೂ ಅರಣ್ಯ ಇಲಾಖೆಯ ಸಸ್ಯಪಾಲನೆಯಲ್ಲಿ ದುಡಿದು, ಯಾವ ತಾಯಿಮರದ ಬೀಜವನ್ನು ಯಾವಾಗ ಆಯಬೇಕೆಂಬ ಅರಿವಿನಿಂದ ಕಾಡಿನ ಮರಗಳನ್ನು ಬೆಳೆಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಗೌರವವು ಘೋಷಿತವಾಯಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರು ಅಡವಿಯಲ್ಲಿ ಮಾಡಿದುದರ ನೂರರಲ್ಲಿ ಒಂದು ಪಾಲನ್ನು ನಮ್ಮ ಹೆಣ್ಣುಮಕ್ಕಳು ಹಿತ್ತಿಲಿನಲ್ಲಿ ಮಾಡಿದರೂ ನಮ್ಮ ನಾಡಿನ ಹೂವುಗಳು ಉಳಿದಾವು.

ಆದುದರಿಂದ ವಾಚಕ ಭಗಿನಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಈ ವರ್ಷ ಅಂಗಳವು ಬರಿದಾಗಿದ್ದರೆ, ಹೂವಿರುವ ಮನೆಗೆ ಹೋಗಿ, ಆ ಮನೆಯ ಹಿರಿಯರನ್ನು ಕೇಳಿ, ಹೂವು ಮುಗಿದ ಮೇಲೆ ಒಂದು ಮರಿಯನ್ನು ಬೇಡಿ ತನ್ನಿರಿ. ಹೂವಿರುವವರು ಕೇಳುವ ಮೊದಲೇ ಎರಡು ಮನೆಗಳಿಗೆ ಕೊಡಿರಿ; ಹಂಚಿದ ತಳಿಗೆ ಒಂದು ಮನೆಯ ಮಳೆಯಿಂದ ಭಯವಿಲ್ಲ. ಮತ್ತು ರಾತ್ರಿಯ ಊಟವಾದ ಬಳಿಕ ಹಿತ್ತಿಲಿನ ದೀಪವನ್ನು ಆರಿಸಿರಿ.