ಹಳೆಯ ಲಾರಿಯ ಭಾನುವಾರ

ಭಾನುವಾರ ಬೆಳಿಗ್ಗೆ ಓರಗೆಯ ಹುಡುಗರು ಸಂಘದ ನಾಟಕದ ತಾಲೀಮಿಗೆಂದು ರೈಲು ಹತ್ತುವ ಹೊತ್ತಿಗೆ ನಾನು ಕಳಂಬೋಲಿಯ ಬಯಲಿನಲ್ಲಿ ಗೋಣಿಚೀಲ ಹಾಸಿಕೊಂಡು ಲಾರಿಯ ಕೆಳಗೆ ಮಲಗಿರುತ್ತಿದ್ದೆ. ಕೈಯಲ್ಲಿ ಗ್ರೀಸ್ ಗನ್, ಮುಖದ ಮೇಲೆ ಉದುರುವ ಒಣ ಕೆಸರು. ನಾಟಕದಲ್ಲಿ ನನಗೆ ಒಮ್ಮೆಯೂ ಪಾತ್ರ ಸಿಗದಿದ್ದುದಕ್ಕೆ ಇದೇ ಕಾರಣವೆಂದು ಆಗ ನಂಬಿದ್ದೆ. ನಿಜವಾದ ಕಾರಣ ಬೇರೆ ಇದ್ದಿರಬಹುದು, ಅದು ಬಿಡಿ.

ಅಪ್ಪನದು ಟಾಟಾ 1210. ಮೂತಿ ಸ್ವಲ್ಪ ಮುಂದೆ ಚಾಚಿಕೊಂಡ ಲಾರಿ. ಮಹಾಲಿಂಗಪುರದಿಂದ ಬೆಲ್ಲ ತುಂಬಿಕೊಂಡು ಚಿಕ್ಕೋಡಿ, ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ದಾಟಿ ವಾಶಿ ಮಾರುಕಟ್ಟೆಗೆ ಬರುವುದು, ಹೋಗುವಾಗ ಕಳಂಬೋಲಿಯ ಕಬ್ಬಿಣ ಹೇರಿಕೊಂಡು ಹೋಗುವುದು. ನಮ್ಮ ಮನೆಯ ಅಕ್ಕಿ, ಜೋಳ, ಶಾಲೆಯ ಫೀ ಎಲ್ಲವೂ ಅದರ ಆರು ಗಾಲಿಗಳ ಮೇಲೇ ಉರುಳಿಕೊಂಡು ಬರುತ್ತಿದ್ದವು. ಒಂದೇ ಲಾರಿಯ ಮಾಲೀಕನಿಗೆ ಗ್ಯಾರೇಜಿನಲ್ಲಿ ಒಂದು ದಿನ ನಿಂತರೆ ಆ ದಿನದ ಬಾಡಿಗೆ ಹೋಯಿತು; ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುಮಾಡಿದ ವಿಜಯ ಸಂಕೇಶ್ವರರ ವಿ.ಆರ್.ಎಲ್. ಸಂಸ್ಥೆ ಇಂದು ಹುಬ್ಬಳ್ಳಿ ಹತ್ತಿರದ ವರೂರಿನಲ್ಲಿ ತನ್ನದೇ ವರ್ಕ್‌ಶಾಪ್ ಇಟ್ಟುಕೊಂಡು ಲಾರಿಗಳನ್ನು ಸಾಕುತ್ತದೆ. ನಮ್ಮಂಥವರ ವರ್ಕ್‌ಶಾಪ್ ಮನೆಯ ಮುಂದಿನ ಬಯಲೇ.

ಮನೆಯಲ್ಲೇ ರಿಪೇರಿ ಮಾಡಲು ಆ ಲಾರಿ ಒಪ್ಪುತ್ತಿತ್ತು ಎಂಬುದೂ ಮುಖ್ಯ. ಟೆಲ್ಕೋ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸತೊಡಗಿತು. 1969ರಲ್ಲಿ ಒಪ್ಪಂದ ಮುಗಿದ ಮೇಲೆ ಮೂತಿಯ ಮೇಲಿನ ಬೆಂಜ್ ನಕ್ಷತ್ರ ಹೋಗಿ ಟಾಟಾದ ಗುರುತು ಬಂತು. ಒಳಗಿನ ಎಂಜಿನ್ನಿನ ವಂಶ ಮಾತ್ರ ಅದೇ ಮುಂದುವರಿಯಿತು. ನಮ್ಮದರಲ್ಲಿದ್ದ 697 ಎಂಜಿನ್ನಿನ ಹೆಸರಿನಲ್ಲೇ ಅದರ ಜಾತಕವಿದೆ: ಆರು ಸಿಲಿಂಡರ್, ಒಂದೊಂದರ ಅಗಲ 97 ಮಿಲಿಮೀಟರ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಒಮ್ಮೆ ಶುರುವಾದರೆ ಡೀಸೆಲ್ ಮತ್ತು ಗಾಳಿ ಸಾಕು. ಬ್ಯಾಟರಿ ಬೇಕಾದದ್ದು ಸೆಲ್ಫ್ ಹೊಡೆಯಲಿಕ್ಕೆ, ದೀಪ ಉರಿಸಲಿಕ್ಕೆ.

ನಾನು ಮೊದಲು ಕಲಿತದ್ದು ಏರ್ ತೆಗೆಯುವುದು. ಡೀಸೆಲ್ ಪೂರ್ತಿ ಮುಗಿದರೆ ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಮತ್ತೆ ಟಾಕಿ ತುಂಬಿಸಿದರೂ ಎಂಜಿನ್ ಏಳುವುದಿಲ್ಲ, ಏಕೆಂದರೆ ಪಂಪು ಡೀಸೆಲ್ಲನ್ನು ದಬ್ಬುವ ಬದಲು ಗಾಳಿಯನ್ನು ಹಿಸುಕುತ್ತಾ ಕೂರುತ್ತದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪಿನ ಗುಂಡಿಯನ್ನು ಒತ್ತುತ್ತಾ ಹೋಗಬೇಕು. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಧಾರೆ. ಆಗ ಸ್ಕ್ರೂ ಬಿಗಿ. ನಂತರ ದೊಡ್ಡ ಪಂಪಿನ ಮೇಲೂ ಇದೇ ಕೆಲಸ. ಅಷ್ಟಕ್ಕೂ ಜಗ್ಗದಿದ್ದರೆ ನಾಜಲ್ಲಿಗೆ ಹೋಗುವ ಪೈಪಿನ ನಟ್ಟು ತುಸು ಸಡಿಲಿಸಿ ಸೆಲ್ಫ್ ಹೊಡೆಯುವುದು. ಆ ಹೊತ್ತಿಗೆ ಮುಖ ಮತ್ತು ಕೈ ಅದರ ಹತ್ತಿರ ಇರಬಾರದು. ಇಷ್ಟು ಕಲಿತ ಮೇಲೆ ನಾನು ಶಾಲೆಯಲ್ಲಿ ಒಂದು ವಾರ ಎದೆಯುಬ್ಬಿಸಿ ತಿರುಗಿದೆ.

ಹೊಗೆ ನೋಡುವುದನ್ನು ಅಪ್ಪ ಹೇಳಿಕೊಟ್ಟದ್ದು ರಸ್ತೆಯ ಮೇಲೆ, ಮುಂದೆ ಹೋಗುವ ಲಾರಿಗಳನ್ನು ತೋರಿಸಿ. ಕಪ್ಪು ಹೊಗೆ ಎಂದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ: ಏರ್ ಫಿಲ್ಟರ್ ಕಟ್ಟಿರಬಹುದು, ನಾಜಲ್ ಕೆಟ್ಟಿರಬಹುದು, ಇಲ್ಲವೇ ಹೇರು ಹೆಚ್ಚಾಗಿರಬಹುದು. ನೀಲಿ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ರಿಂಗು ಸವೆದಿದೆ. ಚಳಿಯ ಬೆಳಿಗ್ಗೆ ಸ್ವಲ್ಪ ಬಿಳಿ ಹೊಗೆ ಬಂದರೆ ಗಾಬರಿಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬಿಳಿಯೇ ಬರುತ್ತಿದ್ದು ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಕಡೆ ನೋಡಬೇಕು. ಆಯಿಲ್ ಕಡ್ಡಿ ಎಳೆದಾಗ ಹಾಲು ಬೆರೆಸಿದ ಚಹದ ಬಣ್ಣ ಕಂಡರೂ ಒಳಗೆ ನೀರು ಸೇರಿದೆ ಎಂದೇ ಅರ್ಥ.

ಹಳೆಯ ಏರ್ ಫಿಲ್ಟರ್ ಆಯಿಲ್ ತುಂಬಿದ ಬಟ್ಟಲು ಇದ್ದ ಹಾಗೆ. ಎಂಜಿನ್ ಎಳೆದುಕೊಳ್ಳುವ ಗಾಳಿಯ ದೂಳು ಆ ಆಯಿಲ್ಲಿನಲ್ಲಿ ಸಿಕ್ಕಿಬೀಳುತ್ತದೆ. ಕೆಸರಾದ ಆಯಿಲ್ ಚೆಲ್ಲಿ, ಡೀಸೆಲ್ಲಿನಲ್ಲಿ ತೊಳೆದು, ಗುರುತಿನವರೆಗೆ ಮಾತ್ರ ಹೊಸದನ್ನು ಹಾಕಬೇಕು. ಒಳ್ಳೆಯದಾಗಲಿ ಎಂದು ಹೆಚ್ಚು ಸುರಿದರೆ ಎಂಜಿನ್ ಆ ಆಯಿಲ್ಲನ್ನೇ ಹೀರಿಕೊಂಡು ಕೈಮೀರಿ ಓಡಬಹುದು. ಗ್ರೀಸಿನ ಮಾತು ಬೇರೆ, ಅಲ್ಲಿ ಜಿಪುಣತನ ಸಲ್ಲದು. ನಿಪ್ಪಲ್ ಒರೆಸಿ, ಹಳೆಯ ಕಪ್ಪು ಗ್ರೀಸು ಹೊರಗೆ ಬಂದು ಹೊಸದು ಕಾಣುವವರೆಗೆ ಒತ್ತಬೇಕು. ಕಿಂಗ್ ಪಿನ್ನಿಗೆ ಹಾಕುವಾಗ ಮುಂದಿನ ಆಕ್ಸೆಲ್ ಎತ್ತಿ ಭಾರ ಇಳಿಸಿರಬೇಕು, ಇಲ್ಲದಿದ್ದರೆ ಭಾರ ಹೊರುವ ಜಾಗಕ್ಕೇ ಗ್ರೀಸು ಮುಟ್ಟುವುದಿಲ್ಲ.

ಇನ್ನು ಏರ್ ಟಾಕಿ. ಬ್ರೇಕಿಗೆ ಬೇಕಾದ ಗಾಳಿಯನ್ನು ಕಂಪ್ರೆಸರ್ ತುಂಬಿಡುವ ಉಕ್ಕಿನ ಡಬ್ಬಿ ಅದು. ಗಾಳಿಯಲ್ಲಿರುವ ತೇವ ಅದರೊಳಗೆ ತಣಿದು ನೀರಾಗುತ್ತದೆ. ನಮ್ಮ ಕೊಂಕಣದ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ತಳದಲ್ಲಿ ಒಂದು ಸಣ್ಣ ಕಾಕ್ ಇರುತ್ತದೆ, ತಿರುಗಿಸಿ ನೀರು ಬಿಡಬೇಕು. ಬರೀ ನೀರು ಬಂದರೆ ಸರಿ. ಎಣ್ಣೆ ಬಂದರೆ ಕಂಪ್ರೆಸರಿನ ರಿಂಗು ಸವೆಯುತ್ತಿದೆ ಎಂದು ತಿಳಿಯಬೇಕು. ಅರ್ಧ ನಿಮಿಷದ ಕೆಲಸ, ಮತ್ತು ಅದು ನನ್ನ ಪಾಲಿನ ಕೆಲಸವಾಗಿತ್ತು.

1996ರ ಮಳೆಗಾಲ, ನನಗೆ ಹದಿನಾರು. ಕಾಕ್ ತುಕ್ಕು ಹಿಡಿದು ಕೈಗೆ ಜಗ್ಗಲಿಲ್ಲ. ಪಾನಾ ತರಲು ಮತ್ತೆ ಕ್ಯಾಬಿನ್ ಹತ್ತಬೇಕು, ಮಳೆ ಸುರಿಯುತ್ತಿತ್ತು, ಟಿ.ವಿ.ಯಲ್ಲಿ ಕ್ರಿಕೆಟ್ ಇತ್ತು. ಅಪ್ಪ ಕೇಳಿದಾಗ "ಬಿಟ್ಟೆ" ಎಂದೆ. ಒಮ್ಮೆ ಹೇಳಿದ ಮೇಲೆ ಮುಂದಿನ ಎರಡು ಭಾನುವಾರ ಹಾಗೆ ಹೇಳುವುದು ಇನ್ನೂ ಸುಲಭವಾಯಿತು.

ಮೂರನೆಯ ವಾರ ಅಪ್ಪ ಬೆಲ್ಲ ತುಂಬಿಕೊಂಡು ಬರುತ್ತಿದ್ದರು. ಸಾತಾರಾ ದಾಟಿದ ಮೇಲೆ ಖಂಬಾಟಕಿ ಘಾಟ. ಸುರಂಗ ಆಗಿರದ ಕಾಲ, ಹೋಗುವವರಿಗೂ ಬರುವವರಿಗೂ ಅದೇ ದಾರಿ. ಇಳಿಯುವ ಮೊದಲು ಬ್ರೇಕ್ ಒತ್ತಿ ಗಾಳಿಯ ಮುಳ್ಳು ನೋಡುವುದು ಅವರ ರೂಢಿ. ನಾಲ್ಕು ಸಲ ಒತ್ತುವಷ್ಟರಲ್ಲಿ ಮುಳ್ಳು ಕೆಂಪಿನ ಹತ್ತಿರ ಬಂತು. ಟಾಕಿಯಲ್ಲಿ ಗಾಳಿ ಇರಬೇಕಾದ ಜಾಗವನ್ನು ನೀರು ತಿಂದಿತ್ತು. ಅಪ್ಪ ಅಲ್ಲೇ ಪಕ್ಕಕ್ಕೆ ಹಾಕಿ, ಗಾಲಿಗಳಿಗೆ ಕಲ್ಲು ಕೊಟ್ಟು, ಕೆಳಗೆ ನುಗ್ಗಿ ಪಾನಾದಿಂದ ಕಾಕ್ ಬಿಚ್ಚಿದರು. ನೀರಿನ ಜೊತೆ ತುಕ್ಕೂ ಬಂತು. ವಾಲ್ವಿಗೂ ತುಕ್ಕು ಸೇರಿದ್ದರಿಂದ ಬೆಳಿಗ್ಗೆ ಸಾತಾರಾದಿಂದ ಮೆಕ್ಯಾನಿಕ್ ಬರುವವರೆಗೆ ಇಡೀ ರಾತ್ರಿ ಅಲ್ಲೇ ನಿಂತರು. ಗಾಳಿಗೆ ತಾಡಪತ್ರಿ ಹಾರಿ ಮೇಲಿನ ಸಾಲಿನ ಬೆಲ್ಲದ ಪೆಂಟೆಗಳು ತೊಯ್ದವು. ಬಾಡಿಗೆಯಲ್ಲಿ ಅಷ್ಟು ಕಡಿತವಾಯಿತು.

ಮನೆಗೆ ಬಂದವರು ಬೈಯಲಿಲ್ಲ. ಸ್ನಾನ ಮಾಡಿ, ಊಟ ಮಾಡಿ, ನನ್ನನ್ನು ಕರೆದರು. "ಬಿಡಲಿಲ್ಲ ಅಂದ್ರ ಬಿಡಲಿಲ್ಲ ಅನ್ನು, ನಾ ಬಿಡ್ತೀನಿ. ಬಿಟ್ಟೀನಿ ಅಂದ್ರ ನಿನ್ನ ಮಾತಿನ ಮ್ಯಾಲ ನಾ ಘಾಟ ಇಳೀತೀನಪಾ." ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನದಿಂದ ಟಾಕಿಯ ನೀರನ್ನು ಒಂದು ಸ್ಟೀಲ್ ಲೋಟದಲ್ಲಿ ಹಿಡಿದು ಅವರಿಗೆ ತಂದು ತೋರಿಸತೊಡಗಿದೆ. ಅವರು ಕೇಳಿರಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಮನೆಯಲ್ಲಿ ಮುಟ್ಟಲೇಬಾರದ ಕೆಲಸಗಳೂ ಇದ್ದವು. ಹಳೆಯ ಡಿಸ್ಕುಗಳಲ್ಲಿ ಟೈರನ್ನು ಹಿಡಿದಿಡುವುದು ಒಂದು ಉಕ್ಕಿನ ರಿಂಗು. ಅದು ಸರಿಯಾಗಿ ಕೂರದೆ ಗಾಳಿ ತುಂಬಿದರೆ ಸಿಡಿದು ಮನುಷ್ಯನನ್ನು ಕೊಲ್ಲುತ್ತದೆ. ಪಂಕ್ಚರ್ ಅಂಗಡಿಯವನು ಗಾಲಿಗೆ ಸರಪಳಿ ಸುತ್ತಿ ದೂರ ನಿಂತು ಗಾಳಿ ಹಿಡಿಯುವುದು ಅದಕ್ಕೇ. ಜಾಕಿನ ಮೇಲಷ್ಟೇ ನಿಂತ ಲಾರಿಯ ಕೆಳಗೆ ನಾನು ಒಮ್ಮೆ ತೂರಿದ್ದಕ್ಕೆ ಅಪ್ಪ ಕಾಲು ಹಿಡಿದು ಹೊರಗೆ ಎಳೆದಿದ್ದರು. ಮರದ ದಿಮ್ಮಿ ಕೊಡದೆ ತಲೆ ಒಳಗೆ ಹಾಕುವಂತಿಲ್ಲ.

ಡೀಸೆಲ್ ಪಂಪನ್ನಂತೂ ಅಪ್ಪ ದೇವರ ಪೆಟ್ಟಿಗೆಯಂತೆ ನೋಡುತ್ತಿದ್ದರು. ಅದರ ಮೇಲೆ ಮೈಕೋ ಎಂದು ಬರೆದಿತ್ತು. ಮೈಕೋ ನಮ್ಮ ಬೆಂಗಳೂರಿನದು. 1951ರಲ್ಲಿ ಹುಟ್ಟಿ ಆಡುಗೋಡಿಯಲ್ಲಿ ಬೆಳೆದ ಕಂಪನಿ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ದೇಶದ ಎಷ್ಟೋ ಲಾರಿಗಳು ಉಸಿರಾಡಿದ್ದು ಬೆಂಗಳೂರಿನ ಪಂಪಿನಿಂದ ಎಂದು ಅಪ್ಪ ಕಳಂಬೋಲಿಯ ಪಂಜಾಬಿ ಡ್ರೈವರುಗಳ ಮುಂದೆ ಹೇಳಿಕೊಳ್ಳದ ದಿನವಿಲ್ಲ. ಅದರೊಳಗಿನ ಪ್ಲಂಜರಿಗೂ ಅದರ ಗೂಡಿಗೂ ನಡುವಿನ ಅಂತರ ಕೂದಲೆಳೆಗಿಂತ ಎಷ್ಟೋ ಕಡಿಮೆ. ದೂಳಿನ ಬಯಲಿನಲ್ಲಿ ಅದನ್ನು ಬಿಚ್ಚುವುದು ಮೂರ್ಖತನ. ಬೆಂಚಿನ ಮೇಲೆ ಕೂರಿಸಿ ಅಳೆಯುವವರ ಹತ್ತಿರವೇ ಒಯ್ಯಬೇಕು.

ಹಳೆಯ ಲಾರಿಗಳನ್ನು ಹೊಗಳಿ ಹಾಡುವುದು ನನ್ನ ಉದ್ದೇಶವಲ್ಲ. ಎಷ್ಟು ಚೆನ್ನಾಗಿ ಇಟ್ಟರೂ ಅವು ಹೊಸ ಲಾರಿಗಿಂತ ಹೆಚ್ಚು ಹೊಗೆ ಕಾರುತ್ತವೆ, ಆ ಹೊಗೆ ಕುಡಿಯುವವರು ನಾವೇ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿತು. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಲಾರಿಗಳ ಫಿಟ್‌ನೆಸ್ ಶುಲ್ಕ ಬಹಳ ಏರಿತು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಲಾರಿಗಳಲ್ಲಿ ಡೀಸೆಲ್ ಎಷ್ಟು, ಯಾವಾಗ ಎಂಬುದನ್ನೆಲ್ಲ ಕಂಪ್ಯೂಟರೇ ನಿರ್ಧರಿಸುತ್ತದೆ; ಅಪ್ಪನ ಪಾನಾ ಪೆಟ್ಟಿಗೆಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಆದರೆ ಗ್ರೀಸು, ಆಯಿಲ್, ಗಾಲಿಯ ನಟ್ಟು, ಏರ್ ಟಾಕಿಯ ನೀರು ಇವಕ್ಕೆ ಕಂಪ್ಯೂಟರ್ ಬಂದು ಕೈಹಾಕುವುದಿಲ್ಲ. ನಿಮ್ಮ ಮನೆಯಲ್ಲಿ ಟೆಂಪೋ, ಲಾರಿ, ಶಾಲೆಯ ಬಸ್ಸು ಏನಾದರೂ ಇದ್ದರೆ ಡ್ರೈವರಿಗೇ ಬಿಟ್ಟು ಕೂರದೆ ವಾರಕ್ಕೊಮ್ಮೆ ನೀವೂ ಅದರ ಕೆಳಗೆ ಬಗ್ಗಿ ನೋಡಿ. ಬಟ್ಟೆ ಹಾಳಾಗುತ್ತದೆ, ಹಳೆಯದನ್ನು ಹಾಕಿಕೊಳ್ಳಿ.

1210 ಈಗಿಲ್ಲ, ಗುಜರಿಗೆ ಹೋಗಿ ವರ್ಷಗಳಾದವು. ನನ್ನ ಹತ್ತಿರ ಇರುವುದು 2009ರ ಟಾಟಾ 1109. ಅದರ ಗಾಳಿಗೆ ಡ್ರೈಯರ್ ಇದೆ, ಆದರೂ ಭಾನುವಾರ ಕಾಕ್ ತಿರುಗಿಸುತ್ತೇನೆ. ಅಪ್ಪ ಊರಿನಲ್ಲಿದ್ದಾರೆ, ಮೊಣಕಾಲು ನೋವು, ಲಾರಿ ಹತ್ತಲಾರರು. ಹತ್ತು ಗಂಟೆಗೆ ಸರಿಯಾಗಿ ಫೋನ್ ಬರುತ್ತದೆ.

"ಟಾಕಿ ನೀರ ಬಿಟ್ಟಿಯೇನ?"

"ಬಿಟ್ಟೆ ಅಪ್ಪಾ. ಸ್ವಲ್ಪ ಎಣ್ಣಿ ಬಂತು."

"ಹಂಗಾರ ಕಂಪ್ರೆಸರ ನೋಡಸು. ನಾಳಿ ಗಾಡಿ ಬಿಡಬ್ಯಾಡ."