ನಾಯಕಿ ಇಲ್ಲದ ಪ್ರೇಮಕಥೆ

ಪ್ರೇಮಕಥೆ ಎಂದರೆ ಒಬ್ಬ ನಾಯಕ, ಒಬ್ಬಳು ನಾಯಕಿ, ನಡುವೆ ಒಬ್ಬ ಖಳ. ಇದು ನಮಗೆಲ್ಲ ಬಾಯಿಪಾಠವಾಗಿರುವ ಲೆಕ್ಕ. ಈ ಲೆಕ್ಕವನ್ನು ತಪ್ಪಿಸಿದ ಧಾರಾವಾಹಿಗಳು ಥಾಯ್ಲೆಂಡಿನಿಂದ ಬರುತ್ತಿವೆ. ಅಲ್ಲಿ ಪ್ರೀತಿಸುವವರು ಇಬ್ಬರು ಹುಡುಗರು. ನೋಡುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. 2020ರ ಕೋವಿಡ್ ದಿಗ್ಬಂಧನದ ದಿನಗಳಲ್ಲಿ ‘ಟುಗೆದರ್’ ಎಂಬ ಧಾರಾವಾಹಿ ಹಲವು ದೇಶಗಳಲ್ಲಿ ಮನೆಮಾತಾಯಿತು. ಗಂಡು ಗಂಡನ್ನು ಮೆಚ್ಚುವ ಕಥೆಯಲ್ಲಿ ಹೆಣ್ಣಿಗೆ ಸಿಗುವುದಾದರೂ ಏನು?

ಇದರ ಬೇರು ಜಪಾನಿನಲ್ಲಿದೆ. 1970ರ ದಶಕದಲ್ಲಿ ಹುಡುಗಿಯರ ಪತ್ರಿಕೆಗಳಿಗೆ ಚಿತ್ರಕಥೆ ಬರೆಯುತ್ತಿದ್ದ ಲೇಖಕಿಯರು ಇಬ್ಬರು ಹುಡುಗರ ಪ್ರೇಮವನ್ನು ಕಥಾವಸ್ತು ಮಾಡಿಕೊಂಡರು. ಕೇಕೊ ತಕೆಮಿಯಾ ಅವರ ಪ್ರಸಿದ್ಧ ಮಾಲಿಕೆ 1976ರಲ್ಲಿ ಆರಂಭವಾಯಿತು. ಹೆಂಗಸರು ಹೆಂಗಸರಿಗಾಗಿ ಕಟ್ಟಿದ ಈ ಪ್ರಕಾರ ಥಾಯ್ಲೆಂಡಿಗೆ ಬಂದು, ಅಲ್ಲಿನ ಕಾದಂಬರಿಗಳ ಮೂಲಕ ಕಿರುತೆರೆಗೆ ಏರಿತು. 2014ರ ‘ಲವ್ ಸಿಕ್’, 2016ರ ‘ಸೋಟಸ್’ ದಾರಿ ತೆರೆದವು.

ಆಕರ್ಷಣೆಗೆ ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. ನಾಯಕಿಯಿದ್ದರೆ ನೋಡುವವಳು ತನ್ನನ್ನು ಅವಳೊಡನೆ ಹೋಲಿಸಿಕೊಳ್ಳುತ್ತಾಳೆ. ಅವಳ ಬಣ್ಣ, ಅವಳ ಸಹನೆ, ಅತ್ತೆಯ ಮುಂದೆ ಅವಳು ತಗ್ಗುವ ರೀತಿ ಎಲ್ಲವೂ ಪರೀಕ್ಷೆಯೇ. ಇಲ್ಲಿ ಆ ಪರೀಕ್ಷೆಯಿಲ್ಲ. ಪ್ರೀತಿಸುವ ಇಬ್ಬರೂ ಸರಿಸಮಾನರು. ಯಾರು ಯಾರಿಗೆ ತಲೆಬಾಗಬೇಕು ಎಂಬುದು ಹುಟ್ಟಿನಿಂದಲೇ ನಿಶ್ಚಯವಾಗಿಲ್ಲ.

ಎರಡನೆಯದು ನಿಧಾನ. ತಿಪಟೂರು ಸೀಮೆಯವರಿಗೆ ಉಂಡೆ ಕೊಬ್ಬರಿಯ ಸಂಗತಿ ಗೊತ್ತು. ಬಲಿತ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕುಳಿತು, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಲಗಲ ಎನ್ನಬೇಕು. ಅವಸರ ಮಾಡಿದರೆ ಕೆಟ್ಟಿತು. ಈ ಕಥೆಗಳೂ ಹಾಗೆಯೇ. 2020ರ ‘ಐ ಟೋಲ್ಡ್ ಸನ್‌ಸೆಟ್ ಅಬೌಟ್ ಯೂ’ ನಡೆಯುವುದು ಫುಕೆಟ್ ದ್ವೀಪದಲ್ಲಿ. ಜಗಳವಾಡಿ ದೂರವಾಗಿದ್ದ ಇಬ್ಬರು ಹುಡುಗರು ವಿಶ್ವವಿದ್ಯಾಲಯದ ಪ್ರವೇಶಕ್ಕೆಂದು ಚೀನೀ ಭಾಷೆ ಕಲಿಯುವಾಗ ಮತ್ತೆ ಎದುರಾಗುತ್ತಾರೆ. ತನಗೇನಾಗುತ್ತಿದೆ ಎಂದು ತನಗೇ ಹೇಳಿಕೊಳ್ಳಲು ಅವರಿಗೆ ಕಂತುಗಳೇ ಬೇಕಾಗುತ್ತವೆ.

ಮೂರನೆಯದು ಅಡ್ಡಿ. ಪ್ರೇಮಕಥೆ ನಿಲ್ಲುವುದೇ ಅಡ್ಡಿಯ ಮೇಲೆ. ಸಿರಿವಂತ ತಂದೆ, ಬಡ ಹುಡುಗ ಎಂಬ ಅಡ್ಡಿ ತೆರೆಯ ಮೇಲೆ ಸವೆದು ಹೋಗಿದೆ. ಇಬ್ಬರು ಹುಡುಗರ ನಡುವೆ ಅದು ಇನ್ನೂ ನಿಜವಾದದ್ದು.

ಇದೆಲ್ಲ ಹೊರಗಿನ ಸರಕು ಎನ್ನುವ ಮುನ್ನ ನಮ್ಮ ರಂಗಸ್ಥಳವನ್ನು ನೆನೆಯಬೇಕು. ತಿಪಟೂರು, ತುರುವೇಕೆರೆ ಕಡೆಯ ಮೂಡಲಪಾಯ ಯಕ್ಷಗಾನದಲ್ಲಿ ಹೆಣ್ಣುವೇಷ ಗಂಡಸಿನದೇ. ಅದೇ ರೈಲುದಾರಿಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿಯ ಕಾಲದಲ್ಲೂ, ಬಿ. ಜಯಮ್ಮನವರಂಥ ನಟಿಯರು ಬೆಳಗುವ ಮೊದಲು, ಸ್ತ್ರೀಪಾತ್ರಗಳನ್ನು ಹೊತ್ತವರು ಗಂಡಸರು. ಮರಾಠಿ ರಂಗದ ಬಾಲಗಂಧರ್ವರು ಸೀರೆಯುಟ್ಟ ಬಗೆಯನ್ನು ಹೆಂಗಸರೇ ಅನುಕರಿಸಿದರು. ಕಾಸರಗೋಡು ಕಡೆಯ ಕೋಳ್ಯೂರು ರಾಮಚಂದ್ರ ರಾಯರು ಸ್ತ್ರೀವೇಷದಿಂದಲೇ ಹೆಸರಾದವರು. ಹಳ್ಳಿಯ ಬಯಲಿನಲ್ಲಿ ಇಬ್ಬರು ಗಂಡಸರು ಆಡುವ ಶೃಂಗಾರವನ್ನು ಹೆಂಗಸರು, ಮಕ್ಕಳು ಬೆಳಗಿನವರೆಗೆ ಕೂತು ಸವಿಯುತ್ತಿದ್ದರು. ವೇಷದ ಒಳಗಿರುವವನು ತಮ್ಮೂರಿನ ಇಂಥವನ ಮಗ, ನಾಳೆ ತೋಟಕ್ಕೆ ನೀರು ಹಾಯಿಸುವವನು ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದ ರಸಭಂಗವಾಗಲಿಲ್ಲ.

ಆದರೆ ಒಂದು ಕರಾರು ಇತ್ತು. ಇಬ್ಬರಲ್ಲಿ ಒಬ್ಬ ಸೀರೆ ಉಟ್ಟಿರಬೇಕು. ಕಥೆ ಗಂಡು-ಹೆಣ್ಣಿನದೇ ಆಗಿರಬೇಕು. ಸೀರೆಯೇ ಅಲ್ಲಿ ಅನುಮತಿ ಚೀಟಿ. ಥಾಯ್ ಧಾರಾವಾಹಿ ಮಾಡಿದ್ದು ಇಷ್ಟೇ: ಆ ಚೀಟಿಯನ್ನು ಕೇಳುವುದನ್ನು ಬಿಟ್ಟಿತು.

ಹಾಗೆಂದು ಈ ಧಾರಾವಾಹಿಗಳೇ ಸತ್ಯದರ್ಶನ ಎಂದಲ್ಲ. ಇದೂ ವ್ಯಾಪಾರವೇ. ನಟರ ಜೋಡಿಯನ್ನು ಜಾಹೀರಾತುಗಳಲ್ಲಿ, ಅಭಿಮಾನಿಗಳ ಸಭೆಗಳಲ್ಲಿ ಮಾರಲಾಗುತ್ತದೆ. ತೆರೆಯ ಮೇಲೆ ಎಲ್ಲರೂ ಚೆಲುವರು. ಥಾಯ್ಲೆಂಡಿನಲ್ಲಿ ಸಲಿಂಗ ವಿವಾಹದ ಕಾನೂನು ಜಾರಿಗೆ ಬಂದದ್ದು 2025ರ ಜನವರಿ 23ರಂದು. ಅಂದರೆ ಪರದೆಯ ಮೇಲಿನ ಮದುವೆಗಳು ಕಾನೂನಿಗಿಂತ ಬಹಳ ಮುಂಚೆಯೇ ನಡೆದುಹೋಗಿದ್ದವು.

ಕನ್ನಡದಲ್ಲಿ ಇದೇ ವಸ್ತುವಿನ ಇನ್ನೊಂದು ಮುಖ 2013ರಲ್ಲಿ ಬಂದ ವಸುಧೇಂದ್ರರ ‘ಮೋಹನಸ್ವಾಮಿ’. ಅಲ್ಲಿ ಜೊತೆಗಿದ್ದ ಗೆಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಿ ಹೊರಡುತ್ತಾನೆ. ಉಳಿದವನ ಒಂಟಿತನವೇ ಕಥೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಮದುವೆಗೆ ಮನ್ನಣೆ ನೀಡಲು 2023ರ ಅಕ್ಟೋಬರ್ 17ರಂದು ಒಪ್ಪಲಿಲ್ಲ.

ಆದ್ದರಿಂದ ಈ ಕಥೆಗಳು ಬರೀ ಕಾಲಹರಣವಲ್ಲ. ನಮ್ಮ ಸಿನಿಮಾಗಳು ಇಂಥ ಪಾತ್ರಗಳನ್ನು ಹೆಚ್ಚಾಗಿ ನಗೆಪಾಟಲಿಗೇ ತಂದವು. ಆ ನಗುವಿನ ನಡುವೆ ಸುಮ್ಮನೆ ತಲೆ ತಗ್ಗಿಸಿ ಕೂತ ಹುಡುಗ ಯಾವ ಊರಿನಲ್ಲೂ, ಯಾವ ತೋಟದ ಮನೆಯಲ್ಲೂ ಇರಬಹುದು. ಅಕ್ಕನೋ ತಂಗಿಯೋ ಪಕ್ಕದಲ್ಲಿ ಕೂತು, ಅಂಥ ಕಥೆಯೊಂದನ್ನು ನಗದೆ, ಅಸಹ್ಯಪಡದೆ, ಮುಂದಿನ ಕಂತಿಗಾಗಿ ಕಾಯುತ್ತ ನೋಡುತ್ತಿದ್ದಾಳೆ ಎಂಬುದು ಅವನಿಗೆ ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತನ್ನು ಹೇಳುತ್ತದೆ.