ಮಕ್ಕಳು ಕಡಿಮೆ, ಹೊಣೆ ಹೆಚ್ಚು: ನಮ್ಮ ಜಿಲ್ಲೆಯ ಜನಸಂಖ್ಯೆ ಮತ್ತು ಓದಿನ ಲೆಕ್ಕ



"ಬಡವರಿಗೆ ಅಕ್ಕಿ, ಬಟ್ಟೆ, ಔಷಧಿ ಕೊಡುವುದು ಸರಿ. ಕಾಲೇಜು ಓದುವವರಿಗೆ ಏಕೆ ಇಷ್ಟು ಹಣ?" ಎಂದು ದಾನಿಗಳಲ್ಲಿ ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ಜನಸಂಖ್ಯೆಯಲ್ಲಿದೆ.

ಜಿಲ್ಲೆಯ ಚಿತ್ರ

1997ರಲ್ಲಿ ಮೈಸೂರಿನಿಂದ ಬೇರೆಯಾದ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 9.65 ಲಕ್ಷ, 2011ರಲ್ಲಿ 10.21 ಲಕ್ಷ. ಹತ್ತು ವರ್ಷದಲ್ಲಿ ರಾಜ್ಯ ಶೇ. 15.6ರಷ್ಟು ಬೆಳೆದರೆ, ನಾವು ಬೆಳೆದದ್ದು ಶೇ. 5.7 ಮಾತ್ರ. ಹುಟ್ಟುವವರು ಕಡಿಮೆಯಾಗಿದ್ದಾರೆ, ಕೆಲಸ ಹುಡುಕಿ ಊರು ಬಿಡುವವರು ಹೆಚ್ಚಾಗಿದ್ದಾರೆ.

ಇದು ಒಂದು ಸಮುದಾಯದ ಮಾತಲ್ಲ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಬ್ಬ ಮುಸ್ಲಿಂ ಮಹಿಳೆಗೆ ಸರಾಸರಿ 4.4 ಮಕ್ಕಳು, 2019-21ರಲ್ಲಿ ಅದು 2.4ಕ್ಕೆ ಇಳಿದಿದೆ. ಕರ್ನಾಟಕದಲ್ಲಿ ಎಲ್ಲ ಸಮುದಾಯಗಳ ಸರಾಸರಿ 1.7. ನಾವು ಪಾಠ ಹೇಳಲು ತೊಡಗಿದ ಕಾಲದಲ್ಲಿ ಒಂದೇ ಮನೆಯ ನಾಲ್ಕೈದು ಮಕ್ಕಳು ಒಂದೇ ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತಿದ್ದರು. ಈಗ ಒಬ್ಬರೋ ಇಬ್ಬರೋ.

ಮನೆಯ ಲೆಕ್ಕ, ದೇಶದ ಲೆಕ್ಕ

ಇಬ್ಬರು ದುಡಿದು ಎಂಟು ಜನ ಉಣ್ಣುವ ಮನೆಯಲ್ಲಿ ಉಳಿತಾಯವಿಲ್ಲ. ಅದೇ ಇಬ್ಬರು ದುಡಿದು ನಾಲ್ವರು ಉಂಡರೆ ಏನಾದರೂ ಮಿಗುತ್ತದೆ. ದೇಶದ ಲೆಕ್ಕವೂ ಹೀಗೆಯೇ. ಮಕ್ಕಳ ಸಂಖ್ಯೆ ಇಳಿದು, ಮುದುಕರ ಸಂಖ್ಯೆ ಇನ್ನೂ ಏರದಿರುವ ಕೆಲವು ದಶಕಗಳಲ್ಲಿ ದುಡಿಯುವ ವಯಸ್ಸಿನವರ ಪಾಲು ಹೆಚ್ಚಿರುತ್ತದೆ. ಇದನ್ನು ಅರ್ಥಶಾಸ್ತ್ರಜ್ಞರು ಜನಸಂಖ್ಯಾ ಲಾಭಾಂಶ ಎನ್ನುತ್ತಾರೆ. ಆದರೆ ಬ್ಯಾಂಕಿನ ಬಡ್ಡಿಯಂತೆ ಇದು ತಾನಾಗಿ ಖಾತೆಗೆ ಬೀಳುವುದಿಲ್ಲ. ಮಿಕ್ಕ ಹಣ ಮಕ್ಕಳ ಓದಿಗೆ, ಕಸುಬಿಗೆ, ಆರೋಗ್ಯಕ್ಕೆ ಹೋದರೆ ಮಾತ್ರ ಲಾಭ. ಮದುವೆಯ ಊಟಕ್ಕೆ, ಸಾಲದ ಬಡ್ಡಿಗೆ ಹೋದರೆ ಅವಕಾಶವೂ ಹೋಯಿತು.

ಈ ಅವಕಾಶಕ್ಕೆ ಕೊನೆಯೂ ಇದೆ. ಇಂದು ಹದಿನೈದು ವರ್ಷದ ಹುಡುಗನಿಗೆ ನಲವತ್ತೈದು ವರ್ಷ ಕಳೆದರೆ ಅರವತ್ತು. ಅವನ ಅಜ್ಜನನ್ನು ನೋಡಿಕೊಳ್ಳಲು ಐದಾರು ಮಕ್ಕಳಿದ್ದರು. ಇವನಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಆದ್ದರಿಂದ ಮುಂದಿನ ತಲೆಮಾರಿನ ಒಬ್ಬೊಬ್ಬರೂ ಹಿಂದಿನವರಿಗಿಂತ ಹೆಚ್ಚು ದುಡಿಯಬಲ್ಲವರಾಗಬೇಕು. ಹಾಗೆ ದುಡಿಯುವ ಶಕ್ತಿಯೇ ಮಾನವ ಬಂಡವಾಳ.

ಗಡಿಯಾಚೆಯ ಪಾಠ

ಗುಂಡ್ಲುಪೇಟೆಯವರಿಗೆ ಇದನ್ನು ವಿವರಿಸಲು ದೂರದ ದೇಶದ ಉದಾಹರಣೆ ಬೇಡ. ಬಂಡೀಪುರ ದಾಟಿದರೆ ವಯನಾಡು. ಕೇರಳದಲ್ಲಿ ಮಕ್ಕಳ ಸಂಖ್ಯೆ ನಮಗಿಂತ ಬಹಳ ಮೊದಲೇ ಇಳಿಯಿತು. ಜೊತೆಗೆ ಹೆಣ್ಣುಮಕ್ಕಳೂ ಓದಿದರು. 2011ರ ಹೊತ್ತಿಗೆ ಅಲ್ಲಿನ ಸಾಕ್ಷರತೆ ಶೇ. 94. ಓದಿದವರು ನರ್ಸ್, ತಂತ್ರಜ್ಞ, ಲೆಕ್ಕಿಗರಾಗಿ ಕೊಲ್ಲಿ ದೇಶಗಳಿಗೆ ಹೋದರು, ಹಣ ಮನೆಗೆ ಬಂತು. ಅಲ್ಲಿನ ತೋಟಗಳಲ್ಲಿ ಕೈ ಕಡಿಮೆಯಾಗಿ ಕೂಲಿ ಏರಿತು. ಆ ಕೂಲಿಗೆ ಹೋದವರು ನಮ್ಮವರು. ಇದು ಅವಮಾನದ ಮಾತಲ್ಲ, ದುಡಿಮೆ ಹಲಾಲ್. ಆದರೆ ಒಂದೇ ರಸ್ತೆಯಲ್ಲಿ ಅವರು ವಿದ್ಯೆ ಹಿಡಿದು ಹೋದರು, ನಾವು ಮೈಶಕ್ತಿ ಹಿಡಿದು ಹೋದೆವು. ಮೈಶಕ್ತಿ ವಯಸ್ಸಿನೊಂದಿಗೆ ಇಳಿಯುತ್ತದೆ, ವಿದ್ಯೆಗೆ ಅನುಭವ ಸೇರಿ ಬೆಲೆ ಏರುತ್ತದೆ.

ನಮ್ಮ ಜಿಲ್ಲೆಯ ಸಾಕ್ಷರತೆ 2011ರಲ್ಲಿ ಶೇ. 61.4. ಆಗಿನ ಮೂವತ್ತು ಜಿಲ್ಲೆಗಳಲ್ಲಿ ಯಾದಗಿರಿ, ರಾಯಚೂರು ಬಿಟ್ಟರೆ ನಾವೇ ಕೆಳಗೆ. ಮಹಿಳೆಯರಲ್ಲಿ ಶೇ. 55 ಮಾತ್ರ. ಅಂದರೆ ಸಣ್ಣ ಕುಟುಂಬ ನಮಗೆ ಬಂದಿದೆ, ಓದು ಅದೇ ವೇಗದಲ್ಲಿ ಬಂದಿಲ್ಲ. 2006ರ ಸಾಚಾರ್ ಸಮಿತಿ ವರದಿಯೂ 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆ ಮೆಟ್ಟಿಲು ಹತ್ತಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆ ಎಂದಿತ್ತು.

ಓದು ನಿಲ್ಲುವುದು ಎಲ್ಲಿ?

ಬಹಳ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲೆ. ಕಾರಣ ಶುಲ್ಕವೊಂದೇ ಅಲ್ಲ. ಹುಡುಗ ಗ್ಯಾರೇಜಿಗೋ ಗಾರೆ ಕೆಲಸಕ್ಕೋ ಹೋದರೆ ಅಂದೇ ಸಂಜೆ ಕೂಲಿ ತರುತ್ತಾನೆ. ಕಾಲೇಜಿಗೆ ಕಳಿಸಿದರೆ ಆ ಕೂಲಿ ತಪ್ಪುತ್ತದೆ. ಓದಿನ ನಿಜವಾದ ಬೆಲೆ ಶುಲ್ಕ, ಬಸ್ಸು, ಪುಸ್ತಕ ಮತ್ತು ಈ ಕೈಬಿಟ್ಟ ಕೂಲಿ ಸೇರಿದ ಮೊತ್ತ. ಇದನ್ನು ಬಡ ತಂದೆ ಚೆನ್ನಾಗಿ ಬಲ್ಲ. ಅವನನ್ನು ಅಜ್ಞಾನಿ ಎನ್ನುವುದು ತಪ್ಪು. ಹುಡುಗಿಯ ವಿಷಯದಲ್ಲಿ ದೂರದ ಕಾಲೇಜಿನ ಭಯ, ಬೇಗ ಬರುವ ಸಂಬಂಧ ಎರಡೂ ಸೇರುತ್ತವೆ.

ಆದರೆ ಹುಡುಗಿಯ ಓದು ನಿಲ್ಲಿಸುವುದೇ ಅತಿ ದೊಡ್ಡ ನಷ್ಟ. ಓದಿದ ತಾಯಿಯ ಮಕ್ಕಳು ಲಸಿಕೆ ತಪ್ಪಿಸಿಕೊಳ್ಳುವುದು ಕಡಿಮೆ, ಶಾಲೆ ಬಿಡುವುದೂ ಕಡಿಮೆ. 2016ರಲ್ಲಿ ಚಾಮರಾಜನಗರಕ್ಕೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಆಸ್ಪತ್ರೆ ಬೆಳೆದಂತೆ ನರ್ಸ್, ಲ್ಯಾಬ್ ಸಿಬ್ಬಂದಿ, ಔಷಧ ವಿತರಕರು ಬೇಕಾಗುತ್ತಾರೆ. ಐಟಿಐ, ಡಿಪ್ಲೊಮಾ, ನರ್ಸಿಂಗ್ ಕೂಡ ಓದೇ. ಎಂಜಿನಿಯರ್, ಡಾಕ್ಟರ್ ಮಾತ್ರವಲ್ಲ.

ಕುಟುಂಬಗಳಿಗೆ ನಮ್ಮ ಕೋರಿಕೆ ಇಷ್ಟೇ: ಹತ್ತನೆಯ ತರಗತಿಯ ಫಲಿತಾಂಶದ ದಿನ ನಿರ್ಧಾರ ಮಾಡಬೇಡಿ, ಅದಕ್ಕೆ ಮೊದಲೇ ನಮ್ಮೊಡನೆ ಮಾತಾಡಿ. ಬಸ್ ಪಾಸ್, ಪುಸ್ತಕ, ಹಾಸ್ಟೆಲ್ ಖರ್ಚನ್ನೂ ಅರ್ಜಿಯಲ್ಲಿ ಬರೆಯಿರಿ. ಅರ್ಜಿಯ ವಿವರ ಈ ವರದಿಯ ಕೊನೆಯ ಪುಟದಲ್ಲಿದೆ.

ದಾನಿಗಳಿಗೆ ಒಂದು ಮಾತು. ಅಕ್ಕಿ ಒಂದು ತಿಂಗಳ ಹಸಿವು ನೀಗಿಸುತ್ತದೆ. ಅದೂ ಬೇಕು, ನಿಲ್ಲಿಸುವುದಿಲ್ಲ. ಹತ್ತನೆಯ ತರಗತಿಯ ನಂತರದ ಎರಡು ಮೂರು ವರ್ಷ ಒಂದು ಮಗುವನ್ನು ಹಿಡಿದು ನಿಲ್ಲಿಸಿದರೆ, ಮುಂದೆ ಆ ಮನೆಗೆ ನಮ್ಮ ಅಕ್ಕಿಯೇ ಬೇಡವಾಗಬಹುದು. ಸದಕಾ ಜಾರಿಯಾ ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ.